ಮೊಟ್ಟೆ ಬೇಯಿಸಲು ಬಾರದ ಯಜಮಾನ

ಒನೆಸಿಮ್‌ಗೆ ಮೊಟ್ಟೆ ಬೇಯಿಸಲು ಬರುವುದಿಲ್ಲ ಎಂಬುದು ಒಂಟಿನಾಯಿ ಸರೋವರ ಎಂಬ ನಮ್ಮೂರಿನ ನಾಯಿಗಳಿಗೂ ಗೊತ್ತಿದ್ದ ವಿಷಯ. ಒಮ್ಮೆ ಮೊಟ್ಟೆಯನ್ನು ಒಲೆಯ ಮೇಲಿಟ್ಟು ಪಿಟೀಲು ಬಾರಿಸುತ್ತ ಮೈಮರೆತಿದ್ದಾಗ, ನೀರೆಲ್ಲ ಇಂಗಿ, ಮೊಟ್ಟೆ ಸಿಡಿದು ಚಾವಣಿಗೆ ಹತ್ತಿಕೊಂಡಿತ್ತು. ಊರಿಗೆ ಊರೇ ಹೋಗಿ ನೋಡಿ ಬಂದಿತ್ತು. ಆ ಕಲೆ ಈಗಲೂ ಅಲ್ಲೇ ಇದೆ. ಅಂಥವನು ಈ ವಸಂತದಲ್ಲಿ, ಸರೋವರದ ಮಂಜುಗಡ್ಡೆ ಒಡೆಯುವ ಮೊದಲೇ, ಒಂದು ಅಡುಗೆ ಕಂಪನಿಯ ಯಜಮಾನನಾದ.

ಊರಿಗೆಲ್ಲ ಅಡುಗೆ ಮಾಡಿ ಹಾಕುವ ಡೆಲ್ಫಿನ್‌ಗೆ ಈ ಸುದ್ದಿ ಸಿಕ್ಕಿದ್ದು ಅಂಗಡಿಯಲ್ಲಿ, ಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದಾಗ. ಏರಿಸಿದ್ದನ್ನು ಹಾಗೇ ಕೆಳಗಿಳಿಸಿದಳು. ಇನ್ನು ಈ ಹಿಟ್ಟು ಯಾರಿಗೆ ಎಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಲಿಲ್ಲ.

ಅವಳ ಅಡುಗೆಮನೆ ಇರುವುದು ದೋಣಿಕಟ್ಟೆಯ ಪಕ್ಕದಲ್ಲಿ, ಎರಡು ಹಳೆಯ ಟ್ರೇಲರ್‌ಗಳನ್ನು ಬೆಸೆದು ಮಾಡಿದ್ದು. ಶಾಲೆಯ ಮಕ್ಕಳ ಊಟ, ಮದುವೆಯ ಊಟ, ಸಾವಿನ ಊಟ, ಬೇಸಿಗೆಯಲ್ಲಿ ಕಾಡಿನ ಬೆಂಕಿ ಆರಿಸಲು ಬರುವವರ ಊಟ, ಎಲ್ಲ ಅಲ್ಲಿಂದಲೇ. ಆದರೆ ಬೆಂಕಿಯವರು ಹೋದ ಬೇಸಿಗೆ ತಮ್ಮ ಡೇರೆಯನ್ನು ಬೇರೆ ಊರಿಗೆ ಎತ್ತಿಕೊಂಡು ಹೋದರು. ಅವಳ ಕೈಕೆಳಗಿನ ಹೆಂಗಸರು ಮನೆಯಲ್ಲಿ ಕೂತರು. ಆಗಲೇ ಸರೋವರದಾಚೆ ನಿಕ್ಕಲ್ ಗಣಿ ತೆರೆಯುವ ಸುದ್ದಿ ಬಂತು. ಅಲ್ಲಿ ದುಡಿಯುವವರಿಗೆ ಮೂರು ಹೊತ್ತೂ ಅಡುಗೆ ಮಾಡಿ ಹಾಕಬೇಕು, ಈ ನೆಲದ ಮೂಲನಿವಾಸಿಗಳ ವ್ಯಾಪಾರಕ್ಕೇ ಮೊದಲ ಮಣೆ ಎಂದು ಗಣಿಯವರು ಸಾರಿದ್ದರು. ಡೆಲ್ಫಿನ್ ಅದನ್ನು ನಂಬಿ, ಒಂದು ದೊಡ್ಡ ಒಲೆಯನ್ನು ಕೊಂಡು, ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆಯ ಮೇಲೆ ಲಾರಿ ಓಡುವ ದಿನಗಳಲ್ಲಿ ಉಸಿರು ಬಿಗಿಹಿಡಿದು ತರಿಸಿಕೊಂಡಿದ್ದಳು. ಒಲೆ ಇನ್ನೂ ಪೆಟ್ಟಿಗೆಯೊಳಗೇ ಇತ್ತು. ಗಣಿಯ ಕೆಲಸ ಸಿಗದಿದ್ದರೆ ಮುಂದಿನ ಚಳಿಗಾಲ ಅದೇ ದಾರಿಯಲ್ಲಿ ಅದು ವಾಪಸ್ಸು ಹೋಗಬೇಕು. ಅದರ ಹಿಂದೆಯೇ ಅವಳ ಅಡುಗೆಮನೆಯೂ ಬಾಗಿಲು ಹಾಕಬೇಕು.

ಆ ಮೊದಲ ಮಣೆಯ ಮೇಲೆ ಈಗ ಒನೆಸಿಮ್ ಕೂತಿದ್ದ. ಕೂರಿಸಿದವನು ಟ್ರೆವರ್ ಎಂಬ ದಕ್ಷಿಣದವನು. ಸ್ಯಾಸ್ಕಟೂನ್ ಪಟ್ಟಣದಲ್ಲಿ ಅವನಿಗೊಂದು ದೊಡ್ಡ ಅಡುಗೆ ಕಂಪನಿಯಿದೆ. ಬಿಳಿಯನ ಕಂಪನಿಗೆ ಮಣೆ ಸಿಗುವುದಿಲ್ಲವಲ್ಲ, ಅದಕ್ಕೆ 'ಉತ್ತರದ ಗರಿ' ಎಂಬ ಹೊಸ ಕಂಪನಿ ಮಾಡಿ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲನ್ನು ಒನೆಸಿಮ್‌ನ ಹೆಸರಿಗೆ ಬರೆದ. ಬೆನ್ನಿನ ಮೇಲೆ ಹದ್ದಿನ ಚಿತ್ರವಿದ್ದ ಜಾಕೆಟ್ಟು ಕೊಟ್ಟ. ಅದರ ಕೊರಳಪಟ್ಟಿಗೆ ಹಿತ್ತಾಳೆಯ ಪುಟ್ಟ ಹದ್ದು ಬೇರೆ. ಒನೆಸಿಮ್ ಮೀನು ಹಿಡಿಯುವವನು, ಪಿಟೀಲಿನವನು, ಮದುವೆಯಾಗಲು ಮರೆತವನು, ಯಾರಿಗೂ ಇಲ್ಲ ಎನ್ನಲು ಬಾರದವನು. ಯಜಮಾನ ಆಗ್ತೀಯಾ ಎಂದು ಟ್ರೆವರ್ ಕೇಳಿದ, ಇವನು ಆಗ್ತೀನಿ ಎಂದ. ನಾಳೆ ಪೋಪ್ ಆಗ್ತೀಯಾ ಎಂದು ಕೇಳಿದರೂ ಅದೇ ಉತ್ತರ.

ಒನೆಸಿಮ್ ಡೆಲ್ಫಿನ್‌ಗೆ ಸೋದರತ್ತೆಯ ಮಗ. ನಾವು ಕ್ರೀ ಜನ ಈ ಸಂಬಂಧಕ್ಕೆ ನೀತಿಮ್ ಎನ್ನುತ್ತೇವೆ, ಅವನು ಅವಳಿಗೂ ನೀತಿಮ್, ಅವಳು ಅವನಿಗೂ ನೀತಿಮ್. ಒಡಹುಟ್ಟಿದವನ ಮುಂದೆ ಹೆಣ್ಣು ಕಣ್ಣು ತಗ್ಗಿಸಿ ಮಾತಾಡಬೇಕು, ಏನನ್ನೂ ಒತ್ತಾಯಿಸಿ ಕೇಳಬಾರದು. ನೀತಿಮ್‌ನನ್ನು ಮಾತ್ರ ಎಷ್ಟು ಬೇಕಾದರೂ ಗೋಳು ಹುಯ್ದುಕೊಳ್ಳಬಹುದು, ಹುಯ್ದುಕೊಳ್ಳಲೇಬೇಕು, ಮತ್ತು ಅವನು ಸಿಟ್ಟಾಗುವಂತಿಲ್ಲ. ಸಿಟ್ಟಾದವರು ಸೋತಂತೆ. ನೀತಿಮ್ ನಾಲ್ಕು ಜನರ ಮುಂದೆ ಏನನ್ನಾದರೂ ಬೇಕು ಎಂದರೆ ಕೊಡಲೇಬೇಕು. ಕೊಟ್ಟವರು ತಿರುಗಿ ಒಂದನ್ನು ಕೇಳಬಹುದು. ಹೀಗೇ ಒಮ್ಮೆ ಡೆಲ್ಫಿನ್‌ಳ ಹೊಸ ಬೂಟು ಒನೆಸಿಮ್‌ನ ಕಾಲಿಗೆ ಹೋಗಿ, ಬೆರಳು ಕಚ್ಚುತ್ತಿದ್ದರೂ ಅವನು ಬೇಸಿಗೆಯಿಡೀ ಅದನ್ನೇ ಹಾಕಿಕೊಂಡು ಕುಂಟಿದ್ದ. ಅವನ ಹೊಸ ಬಲೆಯನ್ನು ಕೇಳಿ ಪಡೆದು ಅವಳು ಲೆಕ್ಕ ಚುಕ್ತಾ ಮಾಡಿಕೊಂಡಿದ್ದಳು.

ಅಂಥ ಡೆಲ್ಫಿನ್ ಈ ಸಲ ಬಾಯಿ ಹೊಲಿದುಕೊಂಡಳು. ಒನೆಸಿಮ್ ಜಾಕೆಟ್ಟು ತೊಟ್ಟು, ಕೈಯಲ್ಲಿ ಎರಡು ಬಿಳಿಮೀನು ಹಿಡಿದು ಅವಳ ಅಡುಗೆಮನೆಯ ಬಾಗಿಲಿಗೆ ಬಂದ.

"ನೀತಿಮ್, ನೋಡೇ, ಹೊಸ ಜಾಕೆಟ್ಟು."

"ಚೆನ್ನಾಗಿದೆ," ಎಂದಳು ಡೆಲ್ಫಿನ್.

ಅವನು ಕಾದ. "ಅಷ್ಟೇನಾ?"

"ಅಷ್ಟೇ."

"ಈ ಹದ್ದು ನೋಡು, ನನ್ಗಿಂತ ಬುದ್ಧಿವಂತ ಥರ ಕಾಣ್ತಿಲ್ವ?"

"ಇರ್ಬೋದು."

"ಅಯ್ಯೋ, ಏನಾದ್ರೂ ಅನ್ನೇ ಮಾರಾಯ್ತಿ."

ಡೆಲ್ಫಿನ್ ಮೀನುಗಳನ್ನು ತೆಗೆದುಕೊಂಡು, ಉಪಕಾರವಾಯಿತು ಎಂದು ಹೇಳಿ, ಬಾಗಿಲು ಹಾಕಿಕೊಂಡಳು. ಕೆನ್ನೆಗೆ ಬಾರಿಸಿದ್ದರೂ ಅವನ ಮುಖ ಅಷ್ಟು ಪೆಚ್ಚಾಗುತ್ತಿರಲಿಲ್ಲ. ಅದೇ ಆಗಲಿ ಎಂದೇ ಅವಳು ಹಾಗೆ ಮಾಡಿದ್ದು. ನಗಿಸಿದರೆ ಕ್ಷಮಿಸಿದಂತೆ, ಕ್ಷಮಿಸುವ ಮನಸ್ಸು ಅವಳಿಗಿರಲಿಲ್ಲ.

ಇನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಊರಿನ ಚೀಫ್ ಲಜಾರ್ ಅವಳ ಒಡಹುಟ್ಟಿದ ತಮ್ಮ. ಅವನನ್ನು ಅವಳು ಕೇಳುವಂತಿಲ್ಲ, ಅಕ್ಕನ ಪರ ಅವನು ನಿಲ್ಲುವಂತಿಲ್ಲ. ಸಭೆಯಲ್ಲಿ ಎದ್ದು ಇವನು ಮಾಡಿದ್ದು ತಪ್ಪು ಎಂದು ಬೆರಳು ತೋರಿಸುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಹಾಗೆ ತೋರಿಸಿದವರ ಬೆರಳನ್ನೇ ಜನ ನೋಡುತ್ತಾರೆ.

ಹೀಗೆ ವಾರಗಳು ಕಳೆದ ಮೇಲೆ ಒನೆಸಿಮ್‌ನ ತಾಯಿ ಸೆರಾಫಿನ್ ಅತ್ತೆಯೇ ಹೇಳಿ ಕಳಿಸಿದಳು. ಡೆಲ್ಫಿನ್ ಹೋದಾಗ ಅತ್ತೆ ಹಿತ್ತಲಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದಳು.

"ನನ್ನ ಮಗನಿಗೆ ಊಟ ಸೇರ್ತಿಲ್ಲ ಕಣೇ. ಪಿಟೀಲು ಮುಟ್ಟಿಲ್ಲ. ಸುಮ್ನೆ ಚಾವಣಿ ನೋಡ್ಕೊಂಡು ಮಲಗಿರ್ತಾನೆ."

"ಅವನು ನನ್ನ ಹೊಟ್ಟೆ ಮೇಲೆ ಹೊಡ್ದಿದಾನೆ ಅತ್ತೆ."

"ಹೊಡ್ದಿದಾನೆ. ಕತ್ತೆ ಅದು, ಒದೆಯೋದು ಬಿಟ್ಟು ಇನ್ನೇನು ಮಾಡತ್ತೆ?" ಅತ್ತೆ ಹೊಗೆಗೆ ಕಣ್ಣು ಕಿರಿದು ಮಾಡಿದಳು. "ತಮ್ಮನ್ನ ಕೇಳಂಗಿಲ್ಲ ನೀನು. ಸಭೇಲಿ ಬೈಯಂಗಿಲ್ಲ. ಆದ್ರೆ ನನ್ನ ಮಗನ್ನ ಗೋಳು ಹುಯ್ಕೊಳೋಕೆ ನಿನಗೆ ಯಾರಪ್ಪನ ಅಪ್ಪಣೆ ಬೇಕು? ದೇವರು ನಿನಗೆ ಅಂತ ಕೊಟ್ಟಿರೋ ಆಸ್ತಿ ಆ ಬಾಯಿ ಒಂದೇ. ಅದಕ್ಕೇ ಬೀಗ ಜಡ್ಕೊಂಡು ಕೂತಿದೀಯಲ್ಲ, ನಿನಗೇನು ಕತ್ತೆಗಿಂತ ಜಾಸ್ತಿ ಬುದ್ಧಿ ಇದೆ ಅನ್ನೋಣ?"

ಡೆಲ್ಫಿನ್ ಒಂದು ತುಂಡು ಮೀನು ಬಾಯಿಗೆ ಹಾಕಿಕೊಂಡು ಯೋಚಿಸಿದಳು. ಮೀನು ಮುಗಿಯುವಷ್ಟರಲ್ಲಿ ಬೀಗ ಬಿಚ್ಚಿತ್ತು.

ಮರುದಿನ ಅಂಗಡಿಯಲ್ಲಿ ಒನೆಸಿಮ್ ಚಹಾ ಪುಡಿಗೆ ಸಾಲಿನಲ್ಲಿ ನಿಂತಿದ್ದ. ಡೆಲ್ಫಿನ್ ಬಾಗಿಲಲ್ಲೇ ನಿಂತು ದನಿ ಏರಿಸಿದಳು.

"ದಾರಿ ಬಿಡ್ರಪ್ಪ, ದಾರಿ ಬಿಡಿ. ಯಜಮಾನರು ಚಹಾ ಪುಡಿ ತಗೋತಿದಾರೆ. ಯಜಮಾನರೇ, ತಮ್ಮ ಚಾವಣಿ ಮೇಲಿನ ಮೊಟ್ಟೆ ಹದವಾಗಿ ಬೆಂದಿದ್ಯಾ? ಗಣಿಯೋರಿಗೆ ಅದನ್ನೇ ಬಡಿಸ್ತೀರೋ, ಇಲ್ಲಾ ಹೊಸದು ಹಾರಿಸ್ತೀರೋ?"

ಅಂಗಡಿ ಗೊಳ್ಳೆಂದಿತು. ಒನೆಸಿಮ್‌ನ ಮುಖ ಹಬ್ಬದ ದಿನದ ಮಗುವಿನ ಹಾಗೆ ಅರಳಿತು. ನೀತಿಮ್ ಮತ್ತೆ ಬೈಯುತ್ತಿದ್ದಾಳೆ, ಅವನಿಗೆ ಅಷ್ಟೇ ಸಾಕು. ಪಾಪ, ಅದು ಬರೀ ಒಗ್ಗರಣೆ ಎಂದು ಅವನಿಗೆ ಗೊತ್ತಾಗಲಿಲ್ಲ.

ಇಗರ್ಜಿಯ ಮೆಟ್ಟಿಲ ಮೇಲೆ ಅವಳು ಬಗ್ಗಿ ಕೈಮುಗಿದು, "ಯಜಮಾನರೇ, ಅಷ್ಟು ಜನಕ್ಕೆ ಸಾರು ಮಾಡೋಕೆ ಎಷ್ಟು ಉಪ್ಪು ಬೇಕು, ಅಪ್ಪಣೆಯಾಗ್ಲಿ," ಎಂದಳು.

ಒನೆಸಿಮ್ ತಲೆ ಕೆರೆದುಕೊಂಡ. "ಟ್ರೆವರ್‌ನ ಕೇಳ್ಬೇಕು."

"ಅಡುಗೆಗೆ ಯಾರ್ ಯಾರನ್ನ ಸೇರಿಸ್ಕೊಂಡಿದೀರಿ?"

"ಅದೂ ಟ್ರೆವರ್‌ನ ಕೇಳ್ಬೇಕು."

"ತಮಗೆ ಮೀಸೆ ಬೋಳಿಸ್ಬೇಕು ಅನ್ಸಿದ್ರೆ?"

ಇಷ್ಟು ಸಾಕಾಯಿತು. ಆ ಮಾತು ಊರಿನ ನಾಲಿಗೆಗೆ ಹತ್ತಿಕೊಂಡಿತು. ದೋಣಿಕಟ್ಟೆಯಲ್ಲಿ ಮೀನು ಸಿಕ್ಕಿತೇ ಎಂದರೆ ಟ್ರೆವರ್‌ನ ಕೇಳ್ಬೇಕು. ಪಾಠ ಒಪ್ಪಿಸು ಎಂದರೆ ಮಕ್ಕಳು ಟ್ರೆವರ್‌ನ ಕೇಳ್ಬೇಕು ಎನ್ನುತ್ತಿದ್ದವು. ಹೆರಿಗೆ ಯಾವಾಗ ಎಂದು ಕೇಳಿದವರಿಗೆ ಬಸುರಿಯೊಬ್ಬಳು ಅದೇ ಉತ್ತರ ಕೊಟ್ಟಳು, ಅವಳ ಗಂಡ ಮಾತ್ರ ನಗಲಿಲ್ಲ. ಒನೆಸಿಮ್ ಮೊದಲು ನಕ್ಕ, ಆಮೇಲೆ ಹಲ್ಲು ಕಿರಿದ, ಕೊನೆಗೆ, ಮಂಜುಗಡ್ಡೆ ಒಡೆದು ನೀರು ಬಿಟ್ಟದ್ದೇ ತಡ, ದೋಣಿ ಹತ್ತಿ ಸರೋವರದ ನಡುವೆ ಕೂರತೊಡಗಿದ. ಡೆಲ್ಫಿನ್ ದಡದಲ್ಲಿ ನಿಂತು, ಯಜಮಾನರ ಕಛೇರಿ ತೇಲುತ್ತಿದೆ ಎಂದು ಕೂಗಿ ಬರುತ್ತಿದ್ದಳು.

ಮಂಜುಗಡ್ಡೆ ಪೂರಾ ಕರಗಿದ ಮೇಲೆ, ಗಣಿಯ ಅಡುಗೆ ಯಾರಿಗೆ ಎಂದು ತೀರ್ಮಾನಿಸಲು ಊರಿನ ಸಭಾಭವನದಲ್ಲಿ ಜನ ಸೇರಿದರು. ಟ್ರೆವರ್ ನೀರಮೇಲಿಳಿಯುವ ವಿಮಾನದಲ್ಲಿ ಬಂದ. ನಮ್ಮಲ್ಲಿ ಸಭೆ ಎಂದರೆ ಊಟ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು, ಅದಕ್ಕೇ ಊಟವನ್ನೂ ಹೊತ್ತು ತಂದಿದ್ದ. ತಗಡಿನ ತಟ್ಟೆಗಳಲ್ಲಿ ದಕ್ಷಿಣದಲ್ಲೇ ಬೆಂದು, ಹೆಪ್ಪುಗಟ್ಟಿ, ಇಲ್ಲಿ ಕರಗಿದ, ಕೋಳಿಯಂತೆ ಕಾಣುವ ಏನೋ ಒಂದು. ಹಿರಿಯರು ಮರ್ಯಾದೆಗೆಂದು ತಿಂದರು. ಸೆರಾಫಿನ್ ಅತ್ತೆ ಒಂದು ತುತ್ತು ತಿಂದು, ಮಿಕ್ಕಿದ್ದನ್ನು ನಾಯಿಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಗಣಿಯ ಕಡೆಯಿಂದ ಕೆಂಪು ಕೂದಲಿನ ಒಬ್ಬ ಹೆಂಗಸು ಬಂದಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಚೀಫ್ ಲಜಾರ್ ಎರಡು ಮಾತಾಡಿ ಕೂತ ಮೇಲೆ ಅವಳು ಟ್ರೆವರ್ ಕಡೆ ತಿರುಗಿದಳು.

"ಹೆಸರಿಗೆ ಮಾತ್ರ ಈ ಊರವರನ್ನ ಮುಂದಿಟ್ಕೊಂಡಿರೋ ಕಂಪನಿಗಳನ್ನ ನಾವು ಬೇಕಾದಷ್ಟು ನೋಡಿದೀವಿ. ನಿಮ್ಮಲ್ಲಿ ಕೊನೇ ಮಾತು ಯಾರದು?"

"ಒನೆಸಿಮ್ ಅವರದು," ಎಂದ ಟ್ರೆವರ್, ಒನೆಸಿಮ್‌ನ ಹೆಗಲ ಮೇಲೆ ಕೈಯಿಟ್ಟು. "ಇವರು ಯಜಮಾನರು. ಇವರು ಹೇಳ್ತಾರೆ, ನಾವು ಕೇಳ್ತೀವಿ. ಪ್ರತಿಯೊಂದೂ ಇವರ ಮಾತಿನ ಪ್ರಕಾರವೇ."

ಅವಳು ಅದನ್ನು ಬರೆದುಕೊಂಡಳು. ಡೆಲ್ಫಿನ್ ಎದ್ದಳು. ಇವತ್ತು ಜನ ನಕ್ಕು ಸುಮ್ಮನಾದರೆ ಅವಳ ಒಲೆ ಪೆಟ್ಟಿಗೆಯೊಳಗೇ ವಾಪಸ್ಸು. ಕ್ರೀ ಭಾಷೆಯಲ್ಲೇ ಶುರು ಮಾಡಿದಳು.

"ಊರಿನ ಹಿರಿಯರೇ, ನಮ್ಮ ಯಜಮಾನರ ಬಗ್ಗೆ ನಾಲ್ಕು ಒಳ್ಳೇ ಮಾತು ಹೇಳ್ದಿದ್ರೆ ನನಗೆ ಪಾಪ ಬರತ್ತೆ. ಇವರು ಹುಟ್ಟಾ ಅಡುಗೆಯವರು. ಇವರ ಕೈ ತಾಗಿದ್ರೆ ನೀರೂ ಹೊತ್ತತ್ತೆ. ಇವರು ಮೊಟ್ಟೇನ ನೆಲದಿಂದ ಆಕಾಶಕ್ಕೆ ಏರಿಸಿದೋರು. ನನಗೊಂದೇ ಆಸೆ. ಯಜಮಾನರ ಬಾಯಿಂದ ಇವತ್ತಿನವರೆಗೆ ಒಂದು ಅಪ್ಪಣೆ ನಾವು ಕೇಳಿಲ್ಲ. ಒಂದು ಕೊಡಿ ಸ್ವಾಮಿ. ಚಿಕ್ಕದಾದ್ರೂ ಪರ್ವಾಗಿಲ್ಲ. ನಮ್ಮ ಕಿವಿ ತಂಪಾಗ್ಲಿ."

ಹಿಂದಿನ ಸಾಲಿನಿಂದ ಯಾರೋ, "ಟ್ರೆವರ್‌ನ ಕೇಳ್ಬೇಕು," ಎಂದರು. ಭವನ ನಗೆಯಲ್ಲಿ ಮುಳುಗಿತು. ತನ್ನ ಹೆಸರು ಕೇಳಿ ಟ್ರೆವರ್ ಖುಷಿಯಾಗಿ ಕೈಬೀಸಿದ.

"ಏನಂತಿದಾರೆ ಆಕೆ?" ಎಂದು ಒನೆಸಿಮ್‌ನನ್ನು ಕೇಳಿದ.

"ನನ್ನ ಹೊಗಳ್ತಿದಾಳೆ," ಎಂದ ಒನೆಸಿಮ್.

ಅವನು ಚಾವಣಿ ನೋಡಿದ. ಆಮೇಲೆ ಎದ್ದು ನಿಂತು, ಜಾಕೆಟ್ಟಿನ ಗುಂಡಿ ಹಾಕಿಕೊಂಡು, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಮಾತಾಡಿದ.

"ಅಪ್ಪಣೆ ಕೇಳಿದಾಳೆ, ಕೊಡ್ತೀನಿ. ಗಣಿ ಅಡುಗೆ ಮಾಡೋದು ಡೆಲ್ಫಿನ್ ಮತ್ತೆ ಅವಳ ಹೆಂಗಸರು. ಅವಳ ಒಲೇಲೇ ಮಾಡೋದು, ಅವಳು ಹೇಳಿದ್ದೇ ಮಾಡೋದು. ಆ ಕೋಳೀನ ಎಲ್ಲಿಂದ ತಂದ್ರೋ ಅಲ್ಲಿಗೇ ಕಳಿಸ್ಬೇಕು. ಇದು ಯಜಮಾನನ ಮಾತು."

ನಗು ನಿಂತಿತು. ಟ್ರೆವರ್ ಒನೆಸಿಮ್‌ನ ತೋಳು ಹಿಡಿದು, "ಇದನ್ನ ನಾವಿಬ್ರೂ ಆಮೇಲೆ ಕೂತು ಮಾತಾಡೋಣ," ಎಂದ.

ಕೆಂಪು ಕೂದಲಿನವಳು ತಲೆ ಎತ್ತಿದಳು. "ಕೊನೇ ಮಾತು ಇವರದು ಅಂದ್ರಲ್ಲ?"

ಟ್ರೆವರ್‌ನ ಬಾಯಲ್ಲಿ ಬಿಸಿ ತುಪ್ಪ. ಅಲ್ಲ ಎಂದರೆ ಕಂಪನಿಯೇ ಬೊಗಳೆ ಎಂದಾಗುತ್ತದೆ, ಹೌದು ಎಂದರೆ ಅಡುಗೆ ಕೈಬಿಡುತ್ತದೆ. ಎರಡನೆಯದರಲ್ಲಿ ಅರ್ಧವಾದರೂ ಉಳಿಯುತ್ತದೆ ಎಂದು ಲೆಕ್ಕ ಹಾಕಿರಬೇಕು, "ಹೌದು," ಎಂದು ನುಂಗಿಕೊಂಡ.

ಡೆಲ್ಫಿನ್‌ಗೆ ಕೂತುಕೊಳ್ಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಒನೆಸಿಮ್ ಅವಳ ಕಡೆ ತಿರುಗಿ, ಹೊಟ್ಟೆ ಮುಂದೆ ಮಾಡಿ, ಕ್ರೀಯಲ್ಲಿ ಹೇಳಿದ: "ನೀತಿಮ್, ಇನ್ಮೇಲೆ ನೀನು ನನ್ನ ಕೈಕೆಳಗೆ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಾ. ತಡ ಆದ್ರೆ ನಾನು ಸುಮ್ನಿರೋನಲ್ಲ. ಈಗ ಸದ್ಯಕ್ಕೆ ಒಂದು ಲೋಟ ಚಹಾ ತಾ."

ಈ ಸಲ ಎದ್ದಂಥ ನಗು ಹಿಂದೆಂದೂ ಎದ್ದಿರಲಿಲ್ಲ. ಚೀಫ್ ಲಜಾರ್ ನೆಲ ನೋಡುತ್ತಿದ್ದ, ಅವನ ಭುಜ ಕುಲುಕುತ್ತಿದ್ದವು. ಡೆಲ್ಫಿನ್‌ಳ ಕಿವಿ ಬಿಸಿಯಾದವು. ಇಷ್ಟು ವರ್ಷ ಯಾರ ಕೈಕೆಳಗೂ ದುಡಿಯದವಳು, ಎರಡು ಮುರುಕು ಟ್ರೇಲರ್‌ಗಳನ್ನು ತನ್ನದು ಎಂದು ಕಟ್ಟಿದವಳು, ಈಗ ಈ ಮೊಟ್ಟೆಗೇಡಿಗೆ ಚಹಾ ಕೊಡಬೇಕೆ? ಕೆಲಸ ಸಿಕ್ಕಿತು, ಅಡುಗೆಮನೆ ಹೋಯಿತು. ತಾನೇ ಅಪ್ಪಣೆ ಕೇಳಿ ತಾನೇ ಹಳ್ಳಕ್ಕೆ ಬಿದ್ದಿದ್ದಳು. ಸಿಟ್ಟು ಉಕ್ಕಿತು. ತೋರಿಸಿದರೆ ಸೋತಂತೆ ಎಂದು ಅದನ್ನು ತಡೆದಳು.

ಮುಂದಿನ ಸಾಲಿನಲ್ಲಿ ಸೆರಾಫಿನ್ ಅತ್ತೆ ಅವಳನ್ನೇ ನೋಡುತ್ತಿದ್ದಳು. ನೋಡುತ್ತ ತನ್ನ ಹಳೆಯ ಸ್ವೆಟರಿನ ಕೊರಳಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಅಲುಗಿಸಿದಳು.

ಡೆಲ್ಫಿನ್ ಒಂದು ಲೋಟ ಚಹಾ ಬಗ್ಗಿಸಿ ತಂದು ಒನೆಸಿಮ್‌ನ ಕೈಗೆ ಕೊಟ್ಟಳು. ಅವನು ಹೀರುವವರೆಗೆ ಕಾದು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ನೀತಿಮ್, ನಿನ್ನ ಜಾಕೆಟ್ಟು ತುಂಬ ಚೆನ್ನಾಗಿದೆ. ನನಗೆ ಬೇಕು."

ಲೋಟ ಅರ್ಧದಲ್ಲೇ ನಿಂತಿತು.

"ಬರೀ ಬಟ್ಟೆ ಅಲ್ಲ. ಅದರ ಜೊತೆ ಬಂದಿದ್ದೆಲ್ಲ ಬೇಕು. ಹದ್ದು, ಗರಿ, ಯಜಮಾನಿಕೆ, ಆ ಅರ್ಧಕ್ಕಿಂತ ಜಾಸ್ತಿ ಪಾಲು, ಎಲ್ಲ."

ಒನೆಸಿಮ್ ಸುತ್ತ ನೋಡಿದ. ಊರೆಲ್ಲ ಇತ್ತು, ಅವನ ತಾಯಿಯೂ ಇದ್ದಳು. ಆಮೇಲೆ ಅವನ ಮುಖದಲ್ಲಿ ಹೊರೆ ಇಳಿಸಿದವನ ಸುಖ ಕಾಣಿಸಿತು. ಜಾಕೆಟ್ಟು ಕಳಚಿ ಅವಳ ಹೆಗಲಿಗೆ ಹಾಕಿದ. ಅದು ಅವಳ ಮೊಣಕಾಲಿನವರೆಗೆ ಬಂತು.

"ಎಲ್ರೂ ನೋಡಿದ್ರಲ್ಲ," ಎಂದ ಚೀಫ್ ಲಜಾರ್, ಇನ್ನೂ ನೆಲವನ್ನೇ ನೋಡುತ್ತ.

"ಏನು? ಏನಾಯ್ತು?" ಎಂದ ಟ್ರೆವರ್.

ಲಜಾರ್ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. "ನಿಮ್ಮ ಯಜಮಾನರು ತಮ್ಮ ಪಾಲನ್ನ ಕೊಟ್ಬಿಟ್ರು. ನಿಮ್ಮ ಕಂಪನಿಗೆ ಈಗ ಯಜಮಾನಿ. ಕೊನೇ ಮಾತು ಅವರದೇ ಅಂತ ನೀವೇ ಹೇಳಿದ್ರಿ. ಕಾಗದ ಪತ್ರ ನಾಳೆ ಮಾಡ್ಕೊಳ್ಳೋಣ."

ಕೆಂಪು ಕೂದಲಿನವಳ ತುಟಿ ಅದುರಿತು, ನಗುವನ್ನು ಕಚ್ಚಿ ಹಿಡಿದಿದ್ದಳು. "ಈಕೆ ಈ ಊರಿನೋರೇ ಅನ್ನೋದು ಖಚಿತ ತಾನೇ?"

"ಹೊಕ್ಕುಳಬಳ್ಳಿ ಕೊಯ್ದೋಳು ನಾನೇ," ಎಂದಳು ಸೆರಾಫಿನ್ ಅತ್ತೆ. "ಆವತ್ತೂ ಹೀಗೇ ಬಾಯಿ ಮಾಡ್ತಿದ್ಲು."

ಟ್ರೆವರ್ ಕೂತ. ಅವನ ಮುಂದಿದ್ದ ಕೋಳಿಯನ್ನು ಅವನೇ ಒಂದು ತುತ್ತು ತಿಂದ. ಮುಖ ನೋಡಿದರೆ, ಅದರ ರುಚಿ ಅವನಿಗೆ ಮೊದಲ ಸಲ ಗೊತ್ತಾದಂತಿತ್ತು.

"ಈಗ ನನ್ನ ಸರದಿ," ಎಂದ ಒನೆಸಿಮ್.

ಸಂಭ್ರಮದಲ್ಲಿ ಡೆಲ್ಫಿನ್ ಅದನ್ನು ಮರೆತಿದ್ದಳು. ಒಲೆ ಕೇಳಿದರೆ ಒಲೆ ಕೊಡಬೇಕು. ಅಡುಗೆಮನೆ ಕೇಳಿದರೆ ಅದನ್ನೂ ಕೊಡಬೇಕು.

ಒನೆಸಿಮ್ ಲೋಟವನ್ನು ಕೈಯಲ್ಲಿ ತಿರುಗಿಸಿದ. "ಅಷ್ಟು ದಿನ ನೀನು ನನ್ನ ಬೈಲಿಲ್ಲ. ಜಾಕೆಟ್ಟು ಚೆನ್ನಾಗಿದೆ ಅಂದ್ಬಿಟ್ಟು ಬಾಗಿಲು ಹಾಕೊಂಡೆ. ಮಾಡಿದ್ದು ತಪ್ಪು ಅಂತ ನನಗೆ ಆವತ್ತೇ ಗೊತ್ತಾಯ್ತು. ಇನ್ನೊಂದ್ಸಲ ಹಂಗೆ ಮಾತು ಬಿಡ್ಬೇಡ. ನಾನು ಕೇಳೋದು ಅಷ್ಟೇ."

ಡೆಲ್ಫಿನ್‌ಗೆ ನಾಚಿಕೆಯಾಯಿತು, ಪ್ರೀತಿಯೂ ಬಂತು. "ಆಯ್ತು ಕಣೋ," ಎಂದಷ್ಟೇ ಹೇಳಿದಳು.

ಒಲೆ ಪೆಟ್ಟಿಗೆಯಿಂದ ಹೊರಗೆ ಬಂತು. ಮನೆಯಲ್ಲಿ ಕೂತಿದ್ದ ಹೆಂಗಸರು ತೋಳು ಏರಿಸಿಕೊಂಡು ಬಂದರು. ಟ್ರೆವರ್ ಕೈಬಿಟ್ಟು ಓಡಲಿಲ್ಲ, ತನ್ನ ಪಾಲಿಗೆ ಅಂಟಿಕೊಂಡೇ ಇದ್ದಾನೆ. ಈಗ ದಕ್ಷಿಣದಿಂದ ಈರುಳ್ಳಿ ಕಳಿಸುವುದು ಅವನ ಕೆಲಸ, ಈರುಳ್ಳಿ ಚೆನ್ನಾಗಿಯೇ ಇರುತ್ತದೆ. ಎಷ್ಟು ಮೂಟೆ ಕಳಿಸಲಿ ಎಂದು ಅವನು ಫೋನು ಮಾಡಿದಾಗಲೆಲ್ಲ ಅಡುಗೆಮನೆಯ ಹೆಂಗಸರು, "ಡೆಲ್ಫಿನ್‌ನ ಕೇಳ್ಬೇಕು," ಎಂದು ಉತ್ತರ ಕೊಡುತ್ತಾರೆ.

ಹೊಸ ಒಲೆಯಲ್ಲಿ ಮೊದಲ ದಿನ ಬ್ಯಾನಕ್ ರೊಟ್ಟಿ ಬೆಂದಾಗ ಅರ್ಧ ಊರೇ ಅಲ್ಲಿ ನೆರೆದಿತ್ತು. ಡೆಲ್ಫಿನ್ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು ಒನೆಸಿಮ್‌ಗೆ ಕೊಟ್ಟಳು. ಅವನು ಆಸೆಯಿಂದ ದೊಡ್ಡದಾಗಿ ಕಚ್ಚಿದ. ಟಕ್ ಎಂದಿತು. ಹಾಕಿ ಆಡಿ ಹಲ್ಲು ಕಳೆದುಕೊಂಡ ಕಡೆಯೇ ಸಿಕ್ಕಿದ್ದು ಅವನ ಪುಣ್ಯ. ಬೆರಳು ಹಾಕಿ ತೆಗೆದ. ಹಿಟ್ಟು ಮೆತ್ತಿದ ಹಿತ್ತಾಳೆಯ ಪುಟ್ಟ ಹದ್ದು.

"ನಿನ್ನ ಪಾಲು," ಎಂದಳು ಡೆಲ್ಫಿನ್. "ಆಮೇಲೆ ಕೊಡ್ಲಿಲ್ಲ ಅನ್ಬೇಡ."

ಒನೆಸಿಮ್ ಅದನ್ನು ಅಂಗಿಗೆ ಒರೆಸಿ, ಟೋಪಿಗೆ ಸಿಕ್ಕಿಸಿಕೊಂಡ. ಬಾಯಲ್ಲಿದ್ದ ರೊಟ್ಟಿಯನ್ನು ನಿಧಾನವಾಗಿ ಅಗಿದು ನುಂಗಿದ. ಸುತ್ತ ನಿಂತವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

"ರೊಟ್ಟಿ ಪರ್ವಾಗಿಲ್ಲ ಕಣೇ," ಎಂದ. "ಹಕ್ಕಿ ಇನ್ನೂ ಸ್ವಲ್ಪ ಬೇಯ್ಬೇಕಿತ್ತು."